ಯಾವುದು ಕೆಟ್ಟ ಚಟ?
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಬೀಡಿ ಸೇದಬೇಡಿ, ಇಸ್ಪೀಟು ಆಡಬೇಡಿ ಅಂತ ನಮಗೆ ಉಪದೇಶ ಮಾಡಿದವರು ಬಹಳ ಮಂದಿ. ಅವರ ಜೇಬಲ್ಲೇ ಸಿಗರೇಟು ಇರ್ತಿತ್ತು, ಅದು ಬೇರೆ ಮಾತು. ಆದರೆ ರಜೆಗೆ ಊರಿಗೆ ಹೋದಾಗ ಗೌಡರ ಮನೆ ಮುಂದೆ ಚಪ್ಪಲಿ ಕಳಚಿ ಕೈಲಿ ಹಿಡಿದು, 'ಬುದ್ಧೀ' ಅಂತ ನಡು ಬಗ್ಗಿಸ್ತೀವಲ್ಲ, ಅದನ್ನು ಬಿಡಿ ಅಂತ ಒಬ್ಬರೂ ಹೇಳಲಿಲ್ಲ. ಊರಿನವರು ಅದಕ್ಕೆ ಇಟ್ಟ ಹೆಸರು ಒಳ್ಳೆ ನಡತೆ. ಓದಿದ್ರೂ ಹುಡುಗನಿಗೆ ಸೊಕ್ಕು ಬಂದಿಲ್ಲ ಅಂತಾರೆ. ಅದನ್ನು ಕೇಳಿ ನಾವೂ ಹಿಗ್ಗಿದ್ದೀವಿ.

1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋಗಿ ಚೌದಾರ ಕೆರೆಯ ನೀರು ಕುಡಿದರು. ಅದೇ ಸಭೆಯಲ್ಲಿ, ಸತ್ತ ದನದ ಬಾಡು ಬಿಡಿ, ಎಂಜಲು ಕೂಳಿಗೆ ಕೈಯೊಡ್ಡಬೇಡಿ ಎಂದೂ ಹೇಳಿದರು. ಅದೇನು ನಾಲಗೆಯ ಚಟವೆ? ಹಸಿವು ಕಲಿಸಿದ್ದು, ಊರು ಹೊರಿಸಿದ್ದು. ಬಿಟ್ಟವರಿಗೆ ಊರಿಂದ ಏಟು, ಬಹಿಷ್ಕಾರ. ಒಬ್ಬೊಬ್ಬರೇ ಬಿಡಲು ಆಗುವಂಥದ್ದಲ್ಲ ಅದು, ಕೇರಿಗೆ ಕೇರಿಯೇ ಬಿಡಬೇಕಿತ್ತು.

ನಮ್ಮ ಹಾಸ್ಟೆಲಿನ ಸಂಗತಿಗೆ ಬರೋಣ. ಊಟವಾದ ಮೇಲೆ ಎಂಟರಿಂದ ಹತ್ತರವರೆಗೆ ಇಸ್ಪೀಟು. ಸಾರು ನೀರಾಗಿದ್ದ ಸಿಟ್ಟೆಲ್ಲ ಎಲೆ ಬಡಿದು ತೀರಿಸ್ಕೊಳ್ತಿದ್ದೆವು. ಬಿಡ್ತೀವಿ ಅಂತ ಮೂರು ಸಲ ಆಣೆ ಮಾಡಿದೆವು, ಮೂರು ಸಲವೂ ಮುರಿದೆವು. ಎಂಟು ಗಂಟೆ ಆಯ್ತು ಅಂದ್ರೆ ಕೈ ಸುಮ್ಮನಿರಲ್ಲ. ಕೊನೆಗೆ ಅದೇ ಚಾಪೆ ಮೇಲೆ, ಅದೇ ಹೊತ್ತಿಗೆ, ಕೇರಿಯವರ ಅರ್ಜಿ ಬರೆಯಲು ಕೂತೆವು. ವಿಧವಾ ವೇತನ, ರೇಷನ್ ಕಾರ್ಡು, ಬರದೇ ನಿಂತ ಕೂಲಿ, ಒಂದಾ ಎರಡಾ! ಮೊದಲನೇ ಅರ್ಜಿಯ ಕೊನೆಗೆ 'ತಮ್ಮ ಪಾದಸೇವಕ' ಅಂತ ಬರೆದುಬಿಟ್ಟಿದ್ದೆವು. ನಡು ಬಗ್ಗಿಸೋದು ಕೈಬರಹಕ್ಕೂ ಇಳಿದಿತ್ತು ನೋಡಿ. ಒಬ್ಬ ಪೆನ್ನು ಕಿತ್ತುಕೊಂಡು ಅದನ್ನು ಗೀಚಿ ಹಾಕಿದ. ಹೆಸರು, ಊರು, ಹೆಬ್ಬೆಟ್ಟು, ಇಷ್ಟೇ ಉಳಿಸಿದೆವು.

ಇಸ್ಪೀಟು ಯಾವಾಗ ಹೋಯಿತೋ ನಮಗೇ ತಿಳಿಯಲಿಲ್ಲ. ಬೀಡಿ ಪೂರ್ತಿ ಹೋಗಿಲ್ಲ. ಅರ್ಜಿ ಚೆನ್ನಾಗಿ ಬರೆಯುವ ಇಬ್ಬರು ಇನ್ನೂ ಸೇದ್ತಾರೆ, ಮುಚ್ಚಿಡೋದ್ಯಾಕೆ.

ದೀಪಾವಳಿ ರಜೆಗೆ ಒಂದೇ ಊರಿನ ನಾವು ನಾಲ್ವರು, ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ಗೌಡರ ಬೀದಿಯಲ್ಲಿ ನಡೆದೆವು. ಕಾಲು ನಡುಗಿದ್ದು ನಿಜ. ಒಂದು ವಾರ ನಮ್ಮ ಅಪ್ಪಂದಿರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅವ್ವಂದಿರು ಬಾಯಿಗೆ ಬಂದಂಗೆ ಬೈದರು. ಯುಗಾದಿಗೆ ಪಕ್ಕದ ಊರಿನ ಗೆಳೆಯರೂ ಬಂದರು. ಆ ಸಲ ಬೀದಿಯಲ್ಲಿ ನಡೆದವರು ಹನ್ನೊಂದು ಜನ.