ಚಕ್ರಗಳಿಗೂ ಸರದಿ ಬೇಕು

ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ನಿಮಗೆ ದಿಂಬಂ ಘಾಟಿಯ 27 ತಿರುವುಗಳನ್ನು ನಾನು ವರ್ಣಿಸಬೇಕಾಗಿಲ್ಲ. ಒಂದು ಮಳೆಗಾಲದ ಸಂಜೆ ಅಲ್ಲಿ ಇಳಿಯುತ್ತಿದ್ದೆ. ಸ್ಟೇರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ನೇರವಾಗಿ ಜಾರಿ, ತಡೆಗೋಡೆಗೆ ಒಂದು ಗೇಣು ಇರುವಾಗ ನಿಂತಿತು. ಇಳಿದು ನೋಡಿದರೆ ಹಿಂದಿನ ಟೈರುಗಳೆರಡೂ ಹೊಸದರಂತಿವೆ, ಮುಂದಿನವು ಬೋಳಾಗಿವೆ! ತಪ್ಪು ರಸ್ತೆಯದಲ್ಲ, ಮೂರು ವರ್ಷ ಅವುಗಳ ಜಾಗ ಬದಲಿಸದ ನನ್ನದು.

ಹೀಗೇಕೆ ಆಗುತ್ತದೆ? ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಭಾರ ಹೊರುವುದು, ಗಾಡಿ ಎಳೆಯುವುದು, ತಿರುಗುವುದು, ಬ್ರೇಕಿನ ಹೆಚ್ಚಿನ ಒತ್ತಡ ತಾಳುವುದು ಎಲ್ಲವೂ ಮುಂದಿನ ಚಕ್ರಗಳೇ. ಮನೆಯಲ್ಲಿ ಇಬ್ಬರು ದುಡಿದು ಇಬ್ಬರು ಕೂತು ಉಂಡ ಹಾಗೆ. ಆದ್ದರಿಂದ 8,000ದಿಂದ 10,000 ಕಿಲೋಮೀಟರಿಗೊಮ್ಮೆ ಟೈರುಗಳ ಜಾಗ ಬದಲಿಸಿ. ವರ್ಕ್‌ಶಾಪಿನಲ್ಲಿ ತಮಿಳಿನಲ್ಲಿ ಕೇಳಿ, ಕನ್ನಡದಲ್ಲಿ ಕೇಳಿ, 'ರೊಟೇಷನ್' ಎಂದರೆ ಸಾಕು.

ಕ್ರಮ ಹೀಗಿದೆ. ಮುಂದಿನ ಚಕ್ರ ಎಳೆಯುವ ಕಾರಾದರೆ ಮುಂದಿನ ಟೈರುಗಳು ಅದೇ ಬದಿಯಲ್ಲಿ ಹಿಂದಕ್ಕೆ ಹೋಗಬೇಕು. ಹಿಂದಿನವು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ದಾಟಿ ಮುಂದಕ್ಕೆ ಬರಬೇಕು. ಹಿಂದಿನ ಚಕ್ರ ನೂಕುವ ಗಾಡಿಯಲ್ಲಿ ಹಿಂದಿನವು ನೇರವಾಗಿ ಮುಂದಕ್ಕೆ, ಮುಂದಿನವು ಬದಿ ದಾಟಿ ಹಿಂದಕ್ಕೆ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಬದಿ ದಾಟಿಸಬೇಡಿ. ಬದಲಿಸಿದ ಮೇಲೆ ಗಾಳಿಯನ್ನು ಹೊಸ ಜಾಗಕ್ಕೆ ತಕ್ಕಂತೆ ಸರಿಪಡಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳ ಬಿಗಿ ಮತ್ತೊಮ್ಮೆ ನೋಡಿಸಿ.

ಟೈರು ಬಿಚ್ಚಿದಾಗ ಸವೆತವನ್ನೂ ಗಮನಿಸಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿತ್ತು. ಒಂದೇ ಅಂಚು ಸವೆದಿದ್ದರೆ ಸಾಮಾನ್ಯವಾಗಿ ಅಲೈನ್‌ಮೆಂಟ್ ತಪ್ಪಿರುತ್ತದೆ. ಮೊದಲು ಅದನ್ನು ಸರಿಪಡಿಸದೆ ಜಾಗ ಮಾತ್ರ ಬದಲಿಸಿದರೆ ಇನ್ನೊಂದು ಟೈರೂ ಹಾಳಾದೀತು.

ಇನ್ನೊಂದು ಮಾತು. ಬೋಳಾದ ಟೈರನ್ನು ಹಿಂದಕ್ಕೆ ಹಾಕಿ ಉಳಿಸಬಹುದು ಎಂದುಕೊಳ್ಳಬೇಡಿ. ಮಳೆಯಲ್ಲಿ ಅಲ್ಲಿಯೂ ಜಾರುತ್ತದೆ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿಗೂ ಅದು ಸಲ್ಲದು.

ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡಲು ನಾವೆಲ್ಲ ಬಗ್ಗುತ್ತೇವೆ. ಬಗ್ಗಿದಾಗ ಟೈರನ್ನೂ ಒಮ್ಮೆ ನೋಡಿ. ಘಾಟಿಯಲ್ಲಿ ನಿಮ್ಮನ್ನೂ, ಎದುರಿನಿಂದ ಬರುವವರನ್ನೂ ಕಾಯುವುದು ಅದೇ.