ಹಿಮ್ಮಡಿ ನೋವು: ಬೆಳಗಿನ ಮೊದಲ ಹೆಜ್ಜೆಗೆ ಮುನ್ನ

(ಮಹಿಳಾ ವೇದಿಕೆಯ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಚೆನ್ನೈಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನಗೆ ಮತ್ತೆ ಮತ್ತೆ ಕೇಳಿಬರುವ ದೂರು ‘ಕುದಿಕಾಲ್ ವಲಿ’. ನಮ್ಮ ಮಾತಿನಲ್ಲಿ ಹಿಮ್ಮಡಿ ನೋವು. ಹೇಳಿಕೊಳ್ಳುವವರಲ್ಲಿ ನಲವತ್ತು ದಾಟಿದ ಹೆಂಗಸರೇ ಹೆಚ್ಚು. ‘ನಡೆದರೆ ಸರಿಹೋಗುತ್ತೆ’ ಎಂದು ತಿಂಗಳುಗಟ್ಟಲೆ ಸಹಿಸಿರುತ್ತಾರೆ. ಆಮೇಲೆ ನೋವಿಗೆ ಹೆದರಿ ವಾಕಿಂಗ್ ಬಿಡುತ್ತಾರೆ. ತೂಕ, ಸಕ್ಕರೆ ಎರಡೂ ಏರುತ್ತವೆ. ಆದ್ದರಿಂದ ಇದು ಬರೀ ಪಾದದ ವಿಷಯವಲ್ಲ.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಅದು ಹಿಮ್ಮಡಿಗೆ ಅಂಟುವ ಜಾಗದಲ್ಲಿ ಸವೆದು ನೋಯುವುದೇ ಪ್ಲಾಂಟಾರ್ ಫೇಶಿಯೈಟಿಸ್. ಹಿಮ್ಮಡಿಯ ಅಡಿಯ ನೋವಿಗೆ ಇದೇ ಅತಿ ಸಾಮಾನ್ಯ ಕಾರಣ. ರಾತ್ರಿ ಮಲಗಿದಾಗ ಪಟ್ಟಿ ಬಿಗಿಯುತ್ತದೆ. ಬೆಳಿಗ್ಗೆ ಮೊದಲ ಹೆಜ್ಜೆಗೆ ಸೂಜಿ ಚುಚ್ಚಿದಂತಾಗುತ್ತದೆ. ನಾಲ್ಕು ಹೆಜ್ಜೆ ಹಾಕಿದ ಮೇಲೆ ಕಡಿಮೆಯಾಗಿ, ಸಂಜೆಗೆ ಮತ್ತೆ ಬರುತ್ತದೆ. ಗಟ್ಟಿ ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಂತು ಅಡುಗೆ ಮಾಡುವುದು, ಹೆಚ್ಚಿದ ತೂಕ, ಬಿಗಿದ ಮೀನಖಂಡ, ತೆಳು ಚಪ್ಪಲಿ ಇವೆಲ್ಲ ಸೇರುತ್ತವೆ. ಅಭ್ಯಾಸವಿಲ್ಲದೆ ಒಮ್ಮೆಲೇ ತಿರುವಣ್ಣಾಮಲೈಯ 14 ಕಿಲೋಮೀಟರ್ ಗಿರಿಪ್ರದಕ್ಷಿಣೆ ಮಾಡಿದರೂ ಶುರುವಾಗಬಹುದು.

ಎಕ್ಸ್-ರೇಯಲ್ಲಿ ‘ಮೂಳೆ ಬೆಳೆದಿದೆ’ ಎಂದರೆ ಗಾಬರಿ ಬೇಡ. ನೋವೇ ಇಲ್ಲದ ಎಷ್ಟೋ ಜನರಿಗೂ ಆ ಮುಳ್ಳು ಇರುತ್ತದೆ. ಅದನ್ನು ಕತ್ತರಿಸಿ ತೆಗೆಯಬೇಕಾದ ಸಂದರ್ಭ ತೀರಾ ಅಪರೂಪ.

ಮನೆಯಲ್ಲಿ ಏನು ಮಾಡಬೇಕು? ಹಾಸಿಗೆಯಿಂದ ಇಳಿಯುವ ಮೊದಲೇ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಡಿ. ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಜೊತೆಗೆ ಗೋಡೆಗೆ ಕೈಯೂರಿ, ಹಿಮ್ಮಡಿ ನೆಲದಿಂದ ಏಳದಂತೆ ಮೀನಖಂಡವನ್ನು ಎಳೆಯಿರಿ. ಸಂಜೆ ಐಸ್ ಕಟ್ಟಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ, ಅಂಗಾಲಿನಡಿ ಹತ್ತು ನಿಮಿಷ ಉರುಳಿಸಿ. ಅಡುಗೆಮನೆಗೂ ಒಂದು ಮೆತ್ತನೆಯ ಚಪ್ಪಲಿ ಇರಲಿ. ಇಲ್ಲಿ ಸಿಗುವ ಎಂ.ಸಿ.ಆರ್. ಚಪ್ಪಲಿಯ ಹಿಂದೆ ನಮ್ಮ ಪಕ್ಕದ ವೆಲ್ಲೂರಿನ ಕಥೆಯಿದೆ. 1946ರಿಂದ ಅಲ್ಲಿ ಸೇವೆ ಸಲ್ಲಿಸಿದ ಡಾ. ಪಾಲ್ ಬ್ರಾಂಡ್, ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದ ಉಳಿಸಲು ಈ ಮೆತ್ತನೆಯ ರಬ್ಬರನ್ನು ಬಳಸಿದರು.

ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತದೆ. ಆದರೆ ತಿಂಗಳುಗಳೇ ಬೇಕು. ನಾಲ್ಕು ದಿನ ಮಾಡಿ ಬಿಡಬೇಡಿ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡಬಹುದು, ಪದೇ ಪದೇ ತೆಗೆದುಕೊಂಡರೆ ಪಟ್ಟಿ ಹರಿಯುವ ಅಪಾಯವಿದೆ.

ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯಿಟ್ಟು ಹಿಮ್ಮಡಿ ಒತ್ತುವುದು ನಮ್ಮ ಅಜ್ಜಿಯರ ಮದ್ದು. ಬಿಸಿ ಹಿತವೆನಿಸಬಹುದು. ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಆ ಹುಣ್ಣು ಮಾಯದೆ ಕಾಲನ್ನೇ ಕಳೆದುಕೊಂಡವರಿದ್ದಾರೆ. ಅಂಥವರಿಗೆ ಇಟ್ಟಿಗೆಯೂ ಬೇಡ, ಐಸೂ ಬೇಡ.

ಎಲ್ಲ ಹಿಮ್ಮಡಿ ನೋವೂ ಒಂದೇ ಅಲ್ಲ. ಹಿಮ್ಮಡಿಯ ಹಿಂಭಾಗ ನೋಯುತ್ತಿದ್ದರೆ ಅಕಿಲಿಸ್ ಸ್ನಾಯುರಜ್ಜುವಿನ ತೊಂದರೆಯಿರಬಹುದು. ಉರಿ, ಜೋಮು ಇದ್ದರೆ ನರದ್ದು. ಎರಡೂ ಹಿಮ್ಮಡಿ ನೋಯುತ್ತಾ, ಬೆಳಿಗ್ಗೆ ಬೆನ್ನು ಅರ್ಧ ಗಂಟೆಗೂ ಹೆಚ್ಚು ಬಿಗಿದಿದ್ದರೆ ಸಂಧಿವಾತದ ಪರೀಕ್ಷೆ ಬೇಕು. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಒತ್ತಿದಾಗ ತೀವ್ರ ನೋವು, ಕಾಲೂರಲು ಆಗದಿರುವುದು, ಊತ, ಜ್ವರ, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಮನೆಯವರಿಗೆಲ್ಲ ಹೊತ್ತುಹೊತ್ತಿಗೆ ಮಾತ್ರೆ ಕೊಡುವ ನಾವು, ನಮ್ಮ ಕಾಲಿಗೆ ದಿನಕ್ಕೆ ಹತ್ತು ನಿಮಿಷ ಕೊಡಲಾರೆವೇ? ನಾಳೆ ಬೆಳಿಗ್ಗೆ ಹಾಲಿನ ಪಾತ್ರೆಗೆ ಕೈಹಾಕುವ ಮೊದಲು ಕಾಲ್ಬೆರಳಿಗೆ ಕೈಹಾಕಿ.