ದರ ಎಂಬ ಮಾತು: ಕಿಣ್ವಗಳ ವೇಗವನ್ನು ಲೆಕ್ಕಹಾಕುವ ಪಾಠ

(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಯ ನೂರು ವರ್ಷಗಳ ಚರಿತ್ರೆಯನ್ನು ಹಿರಿಯರು ವಿಸ್ತಾರವಾಗಿ ಹೇಳಿದ್ದಾರೆ. ನಾನು ಜೀವಶಾಸ್ತ್ರದ ಶಿಕ್ಷಕಿ. ಆದುದರಿಂದ ಒಂದು ಪಾಠವನ್ನೇ ತಮ್ಮ ಮುಂದಿಡುತ್ತೇನೆ. ಕಿಣ್ವಗಳು ಎಷ್ಟು ವೇಗವಾಗಿ ಕೆಲಸ ಮಾಡುತ್ತವೆ ಎಂಬುದನ್ನು ಲೆಕ್ಕಹಾಕುವ ಪಾಠವದು. "ಕನ್ನಡದಲ್ಲಿ ವಿಜ್ಞಾನ ಕಲಿತರೆ ಮಕ್ಕಳು ಮುಂದೆ ಹಿಂದುಳಿಯಲಾರರೆ?" ಎಂದು ರಕ್ಷಕರು ಪ್ರತಿವರ್ಷ ಕೇಳುವ ಪ್ರಶ್ನೆಗೆ ಉತ್ತರವೂ ಈ ಪಾಠದೊಳಗೇ ಇದೆಯೆಂದು ನನ್ನ ನಂಬಿಕೆ.

ಅನ್ನವನ್ನು ಚೆನ್ನಾಗಿ ಅಗಿದರೆ ತುಸು ಸಿಹಿಯಾಗುವುದು ಎಲ್ಲರ ಅನುಭವ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಪ್ರಯೋಗಶಾಲೆಯಲ್ಲಿ ಪಿಷ್ಟದ ದ್ರಾವಣಕ್ಕೆ ಈ ಕಿಣ್ವವನ್ನು ಬೆರೆಸಿ, ಹತ್ತು ಸೆಕೆಂಡಿಗೊಮ್ಮೆ ಒಂದೊಂದು ಹನಿಯನ್ನು ಅಯೋಡಿನ್ ಇರುವ ಪಿಂಗಾಣಿ ತಟ್ಟೆಗೆ ಬಿಡುತ್ತೇವೆ. ಪಿಷ್ಟ ಇರುವವರೆಗೆ ಕಡುನೀಲಿ. ಪಿಷ್ಟ ಮುಗಿದಾಗ ಅಯೋಡಿನ್ನಿನ ಕಂದುಬಣ್ಣ ಹಾಗೆಯೇ ಉಳಿಯುತ್ತದೆ. ಅದುವರೆಗೆ ಹಿಡಿದ ಸಮಯವೇ ನಮ್ಮ ಅಳತೆ.

ಪಿಷ್ಟ ಮತ್ತು ಕಿಣ್ವಗಳ ಪ್ರಮಾಣವನ್ನು ಬದಲಿಸದೆ ಉಷ್ಣತೆಯನ್ನು ಮಾತ್ರ ಬದಲಿಸಿದೆವೆನ್ನೋಣ. 20 ಡಿಗ್ರಿಯಲ್ಲಿ 200 ಸೆಕೆಂಡು, 30 ಡಿಗ್ರಿಯಲ್ಲಿ 100 ಸೆಕೆಂಡು, 37 ಡಿಗ್ರಿಯಲ್ಲಿ 80 ಸೆಕೆಂಡು ಹಿಡಿಯಿತು. ವೇಗ ಹೆಚ್ಚು ಎಲ್ಲಿ? ಸಂಖ್ಯೆ ದೊಡ್ಡದಿರುವಲ್ಲಿ ಎಂದು ಕೆಲವು ಮಕ್ಕಳು ಹೇಳುವುದುಂಟು. ಆಗ ಅಡಿಕೆಯ ಮಾತು ನೆರವಿಗೆ ಬರುತ್ತದೆ. ಅಂಗಡಿಯಲ್ಲಿ ದರ ಕೇಳಿದರೆ ಹೇಳುವುದು ಇಡೀ ಮೂಟೆಯ ಬೆಲೆಯನ್ನಲ್ಲ, ಒಂದು ಕಿಲೋ ಅಡಿಕೆಯ ಬೆಲೆಯನ್ನು. ದರವೆಂದರೆ 'ಒಂದಕ್ಕೆ ಎಷ್ಟು' ಎಂದರ್ಥ. ಇಲ್ಲಿ ಆ ಒಂದು, ಒಂದು ಸೆಕೆಂಡು. ಆದುದರಿಂದ 1ನ್ನು ಸಮಯದಿಂದ ಭಾಗಿಸುತ್ತೇವೆ. ಓದಲು ಸುಲಭವಾಗಲೆಂದು 1000ದಿಂದ ಗುಣಿಸುತ್ತೇವೆ. ಬರುವ ಸಂಖ್ಯೆಗಳು 5, 10, 12.5. ಮನೆಯಲ್ಲಿ ತುಳುವೋ ಮಲಯಾಳವೋ ಕೊಂಕಣಿಯೋ ಆಡುವ ಮಗುವಿಗೂ ಈ ಕನ್ನಡ ಪದವೇ ಅರ್ಥವನ್ನು ಬಿಡಿಸಿಕೊಡುತ್ತದೆ.

ಇನ್ನೊಂದು ಪ್ರನಾಳಕ್ಕೆ ಮೊದಲೇ ಕುದಿಸಿ ಆರಿಸಿದ ಕಿಣ್ವವನ್ನು ಹಾಕುತ್ತೇವೆ. ಅಲ್ಲಿ ನೀಲಿ ಹೋಗುವುದೇ ಇಲ್ಲ. ಪಟ್ಟಿಯಲ್ಲಿ ಆ ಜಾಗವನ್ನು ಖಾಲಿ ಬಿಡಬಾರದು. ದರ ಸೊನ್ನೆ ಎಂದು ಬರೆಯಬೇಕು. ಅಮೈಲೇಸ್ ಒಂದು ಪ್ರೋಟೀನ್; ಕುದಿಸಿದರೆ ಅದರ ಆಕಾರ ಕೆಡುತ್ತದೆ, ಕೆಲಸ ನಿಲ್ಲುತ್ತದೆ. ಕಿಣ್ವವು ಪ್ರೋಟೀನ್ ಆಗಿರಬಲ್ಲದೆಂದು ಅಮೆರಿಕದ ಜೇಮ್ಸ್ ಸಮ್ನರ್ ಯೂರಿಯೇಸ್ ಕಿಣ್ವವನ್ನು ಹರಳುಗಟ್ಟಿಸಿ ತೋರಿಸಿದ್ದು 1926ರಲ್ಲಿ. ನಮ್ಮ ಶಾಲೆ ಆರಂಭವಾದ ವರ್ಷದಲ್ಲಿಯೇ. ಹುಡುಗನಾಗಿದ್ದಾಗಲೇ ಒಂದು ಕೈ ಕಳೆದುಕೊಂಡಿದ್ದ ಅವರ ಮಾತನ್ನು ಹಲವರು ವರ್ಷಗಟ್ಟಲೆ ಒಪ್ಪಲಿಲ್ಲ. ನೊಬೆಲ್ ಪ್ರಶಸ್ತಿ ಬಂದದ್ದು 1946ರಲ್ಲಿ.

ಎರಡನೆಯ ಪ್ರಯೋಗ ಆಲೂಗಡ್ಡೆಯದು. ಅದರಲ್ಲಿರುವ ಕೆಟಲೇಸ್ ಕಿಣ್ವವು ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಮೊದಲ 30 ಸೆಕೆಂಡಿನಲ್ಲಿ 12 ಮಿಲಿಲೀಟರ್ ಅನಿಲ ಬಂತು. ಅನಂತರದ ಮೂರು ಅರ್ಧ ನಿಮಿಷಗಳಲ್ಲಿ 8, 4, 2 ಎನ್ನೋಣ. ಒಟ್ಟು 26 ಮಿಲಿಲೀಟರನ್ನು 120 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 0.22. ಮೊದಲ ಅರ್ಧ ನಿಮಿಷವನ್ನು ಮಾತ್ರ ನೋಡಿದರೆ 0.4. ಕಿಣ್ವದ ಸಾಮರ್ಥ್ಯವನ್ನು ಹೋಲಿಸಲು ಬಳಸಬೇಕಾದುದು ಎರಡನೆಯದನ್ನು, ಅಂದರೆ ಆರಂಭಿಕ ದರವನ್ನು. ಹೊತ್ತು ಕಳೆದಂತೆ ಪೆರಾಕ್ಸೈಡ್ ತೀರುತ್ತ ಬರುವುದರಿಂದ ವೇಗ ಇಳಿಯುತ್ತದೆ. ಹೊಸತಾಗಿ ಪೆರಾಕ್ಸೈಡ್ ಸೇರಿಸಿದರೆ ಗುಳ್ಳೆಗಳು ಮತ್ತೆ ಏಳುತ್ತವೆ. ಆರಂಭಿಕ ದರದ ಮಹತ್ತ್ವವನ್ನು 1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೊರ್ ಮೈಕೇಲಿಸ್ ಅವರೊಡನೆ ಖಚಿತವಾಗಿ ತೋರಿಸಿದವರು ಮೌಡ್ ಮೆಂಟೆನ್, ಕೆನಡಾದಿಂದ ಬಂದಿದ್ದ ವೈದ್ಯೆ. ನಮ್ಮ ಹುಡುಗಿಯರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ರಕ್ಷಕ ಬಂಧುಗಳೆ, ಈಗ ತಮ್ಮ ಪ್ರಶ್ನೆಗೆ ಬರುತ್ತೇನೆ. ಹತ್ತನೆಯ ತರಗತಿಯವರೆಗೆ ಚುರುಕಾಗಿದ್ದ ಮಗು ಪ್ಲಸ್ ವನ್ ತರಗತಿಯಲ್ಲಿ ಇಂಗ್ಲಿಷ್ ಪುಸ್ತಕದ ಮುಂದೆ ನಿಧಾನವಾಗುವುದನ್ನು ನಾನೂ ಕಂಡಿದ್ದೇನೆ; ಅದನ್ನು ಮರೆಮಾಚುವುದಿಲ್ಲ. ಆದರೆ ವೇಗ ಇಳಿದಾಗ ಮೊದಲು ಕೇಳಬೇಕಾದುದು, ಏನು ತೀರಿಹೋಯಿತು ಎಂದು. ತೀರಿದ್ದು ಮಗುವಿನ ಬುದ್ಧಿಯಲ್ಲ. ಕೈಗೆ ಸಿಗಬೇಕಾದ ಪದಗಳು. ದರವೆಂದರೇನೆಂದು ಅರಿತವರಿಗೆ ಅದರ ಇಂಗ್ಲಿಷ್ ಹೆಸರು ಒಂದು ದಿನದ ಕೆಲಸ. ಅರ್ಥವರಿಯದೆ ಹೆಸರನ್ನಷ್ಟೇ ಉರುಹೊಡೆದವರಿಗೆ ಆ ಒಂದು ದಿನ ಬರುವುದೇ ಇಲ್ಲ.

ಆದುದರಿಂದ ಹಳೆವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಶತಮಾನದ ನೆನಪಿಗೆ ಕಮಾನು ಕಟ್ಟಿಸೋಣ, ಬೇಡವೆನ್ನುವುದಿಲ್ಲ. ಜೊತೆಗೆ, ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಪ್ರತಿ ಬೇಸಗೆ ರಜೆಯಲ್ಲಿ ಎರಡು ವಾರ ವಿಜ್ಞಾನದ ಪದಗಳನ್ನು ಎರಡೂ ಭಾಷೆಗಳಲ್ಲಿ ಕಲಿಸಲು ಬನ್ನಿ. ಇಲ್ಲಿ ಓದಿ ವೈದ್ಯರು, ಎಂಜಿನಿಯರರು, ಅಧ್ಯಾಪಕರು ಆದವರು ಈ ಸಭೆಯಲ್ಲೇ ಇದ್ದೀರಿ. ಪ್ರನಾಳಗಳನ್ನೂ ಅಯೋಡಿನ್ನನ್ನೂ ನಾವು ಸಿದ್ಧವಾಗಿಡುತ್ತೇವೆ.